ಡಾಕ್ಟರ್ ಮಾಂಟೆಸೊರಿಯವರ ಮೌನದಾಟ

ಬಾಲಕರ ಜ್ಞಾಪಕಶಕ್ತಿಯು ಬೆತ್ತದಿಂದಲೂ ಉರುಹೊಡೆಯುವುದರಿಂದಲೂ ಬೆಳೆಯತಕ್ಕದ್ದೆಂಬ ನಂಬಿಕೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಮಗ್ಗಿಯನ್ನೂ ಅಮರವನ್ನೂ ಆ ಬಗೆಯಾಗಿಯೇ ಕಲಿತ ನಾವು ಅದನ್ನು ಹಗುರವಾಗಿ ಹಳಿಯಲಾರೆವು. ಕಲಿತದ್ದು ಇಂದಿಗೂ ನಾಲಗೆಯ ಮೇಲಿದೆ. ಆದರೆ ಶಿಶುವಿನ ಚಿತ್ತವು ಆಟದಲ್ಲಿ ತಾನಾಗಿಯೇ ಏಕಾಗ್ರವಾಗುವುದೆಂದು ತೋರಿಸಿಕೊಟ್ಟ ಮಹಿಳೆಯೊಬ್ಬರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಮಾರಿಯಾ ಮಾಂಟೆಸೊರಿಯವರು 1870ನೆಯ ಇಸವಿ ಆಗಸ್ಟ್ 31ರಂದು ಇಟಲಿ ದೇಶದಲ್ಲಿ ಜನಿಸಿದರು. ಸ್ತ್ರೀಯರಿಗೆ ವೈದ್ಯವಿದ್ಯೆಯು ಸಲ್ಲದೆಂದು ಎಣಿಸುತ್ತಿದ್ದ ಆ ಕಾಲದಲ್ಲಿ, ತಂದೆಯ ಅಸಮ್ಮತಿಯನ್ನೂ ಸಹಿಸಿ, 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದ ವೈದ್ಯಪದವಿಯನ್ನು ಪಡೆದರು. ಬುದ್ಧಿಮಾಂದ್ಯರೆಂದು ಹುಚ್ಚರ ಆಸ್ಪತ್ರೆಗಳಲ್ಲಿ ಕೂಡಿಹಾಕಲ್ಪಟ್ಟಿದ್ದ ಮಕ್ಕಳನ್ನು ಕಂಡು, ಅವರಿಗೆ ಬೇಕಾದುದು ಔಷಧಕ್ಕಿಂತಲೂ ಶಿಕ್ಷಣವೆಂದು ನಿಶ್ಚಯಿಸಿದರು. ಅವರಲ್ಲಿ ಕೆಲವರು ಇತರ ಮಕ್ಕಳ ಪರೀಕ್ಷೆಯಲ್ಲಿಯೇ ತೇರ್ಗಡೆಯಾದಾಗ ಜನರು ಬೆರಗಾದರು. ಮಾಂಟೆಸೊರಿಯವರಿಗಾದರೋ, ಆರೋಗ್ಯವಂತ ಮಕ್ಕಳನ್ನು ಶಾಲೆಗಳು ಅಷ್ಟೇ ಮಟ್ಟದಲ್ಲಿ ಇಟ್ಟಿರುವುದೇತಕ್ಕೆಂಬ ಚಿಂತೆಯು ಹತ್ತಿತು.

ರೋಮಿನ ಸ್ಯಾನ್ ಲೊರೆಂಜೊ ಎಂಬುದು ಬಡವರ ಕೇರಿ. ತಂದೆತಾಯಿಗಳು ಕೂಲಿಗೆ ಹೋದಾಗ ಮಕ್ಕಳು ಗೋಡೆಮೆಟ್ಟಿಲುಗಳನ್ನು ಕೆಡಿಸುತ್ತಾರೆಂಬುದೇ ಅಲ್ಲಿನ ಮನೆಗಳ ಒಡೆಯರ ದೂರು. ಅವರನ್ನು ಒಂದೆಡೆ ಕೂಡಿಸಿಡಲು 1907ನೆಯ ಜನವರಿ 6ರಂದು ಆರಂಭವಾದ ಶಿಶುಗೃಹದ ಮೇಲ್ವಿಚಾರಣೆಯು ಮಾಂಟೆಸೊರಿಯವರಿಗೆ ಬಂದಿತು. ಅಲ್ಲಿ ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಮರದ ಗುಂಡುಕಡ್ಡಿಗಳನ್ನು ಅವುಗಳ ಕುಳಿಗಳಲ್ಲಿ ಕೂರಿಸುತ್ತಿದ್ದಳು. ಸುತ್ತಲೂ ಇತರ ಮಕ್ಕಳು ಹಾಡುತ್ತಿರಲಿ, ಕುಳಿತ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಡಲಿ, ಅವಳ ಗಮನವು ಕದಲಲಿಲ್ಲ. ಮಾಂಟೆಸೊರಿಯವರು ಎಣಿಸಿದಂತೆ 42 ಬಾರಿ ಅದನ್ನೇ ಮಾಡಿ, ನಿದ್ರೆಯಿಂದೆದ್ದವಳಂತೆ ಪ್ರಸನ್ನಳಾಗಿ ಸುತ್ತಲೂ ನೋಡಿದಳು.

ಇನ್ನೊಂದು ದಿನ ಮಾಂಟೆಸೊರಿಯವರು ನಾಲ್ಕು ತಿಂಗಳ ಕೂಸೊಂದನ್ನು ಎತ್ತಿಕೊಂಡು ಒಳಗೆ ಬಂದರು. ಕೂಸಿನಷ್ಟು ನಿಶ್ಚಲವಾಗಿ, ಅದರ ಉಸಿರಿನಷ್ಟು ಮೆಲ್ಲಗೆ ಇರಬಲ್ಲಿರಾ ಎಂಬುದೇ ಪಂಥ. ಮಕ್ಕಳೆಲ್ಲರೂ ಕೈಕಾಲು ಅಲುಗಿಸದೆ ಕುಳಿತರು. ಗಡಿಯಾರದ ಸದ್ದು ಕೇಳಿಸತೊಡಗಿತು. ಹೀಗೆ ಹುಟ್ಟಿದ್ದೇ ಮೌನದಾಟ. ಮುಂದೆ ಪಕ್ಕದ ಕೊಠಡಿಯಿಂದ ಪಿಸುದನಿಯಲ್ಲಿ ಒಬ್ಬೊಬ್ಬರ ಹೆಸರನ್ನು ಕರೆಯುವುದು, ಕರೆಯಲ್ಪಟ್ಟವನು ಸದ್ದಿಲ್ಲದೆ ಬರುವುದು, ಉಳಿದವರು ತಮ್ಮ ಸರದಿಯ ತನಕ ಕಾದಿರುವುದು ಎಂಬ ಕ್ರಮವಾಯಿತು. ತಾಳ್ಮೆಗೆ ಬಹುಮಾನವೆಂದು ಮಿಠಾಯಿ ಕೊಡಹೋದರೆ ಆ ಬಡ ಮಕ್ಕಳು ಅದನ್ನು ಒಲ್ಲೆವೆಂದರು!

ಅಂಕಿಗಳ ಆಟವೂ ಹೀಗೆಯೇ ಸರಳವಾದುದು. ಮಡಿಸಿದ ಚೀಟಿಯಲ್ಲಿನ ಅಂಕಿಯನ್ನು ಮನಸ್ಸಿನಲ್ಲೇ ಓದಿಕೊಂಡು, ದೂರದ ಮೇಜಿಗೆ ಹೋಗಿ, ಅದನ್ನು ಮರೆಯದೆ ಅಷ್ಟೇ ವಸ್ತುಗಳನ್ನು ತರಬೇಕು. ಸೊನ್ನೆ ಬಂದವನ ಪಾಡೇ ಕಷ್ಟದ್ದು. ಎಲ್ಲರೂ ಎದ್ದು ಓಡಾಡುತ್ತಿರುವಾಗ ಅವನು ಕುಳಿತಲ್ಲಿಯೇ ಕುಳಿತಿರಬೇಕು. ಇದಕ್ಕೆ ತಗಲುವ ಖರ್ಚು ನಾಲ್ಕು ಕಾಗದದ ಚೂರು. ಬಡವರ ಕೇರಿಯಲ್ಲಿ ಹುಟ್ಟಿದ ಈ ಪದ್ಧತಿಯ ಹೆಸರನ್ನು ಫಲಕದ ಮೇಲೆ ಬರೆಯಿಸಿ ದುಬಾರಿ ಶುಲ್ಕ ಕೇಳುವ ಶಾಲೆಗಳನ್ನು ಕಂಡಾಗ ನಮಗೆ ವಿಷಾದವಾಗುತ್ತದೆ.

ಮೊದಲು ಆಶ್ರಯವಿತ್ತ ಮುಸೊಲಿನಿಯ ಸರಕಾರವು ತರುವಾಯ ಮುನಿಯಿತು. 1934ರಲ್ಲಿ ಮಾಂಟೆಸೊರಿಯವರು ಸ್ವದೇಶವನ್ನು ಬಿಡಬೇಕಾಯಿತು. 1939ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡಯಾರಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣವಿತ್ತರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು, ಫ್ಯಾಸಿಸ್ಟರಿಂದ ದೂರವಾಗಿದ್ದ ಈ ವೃದ್ಧೆಯನ್ನೇ ಆಂಗ್ಲ ಸರಕಾರವು ಶತ್ರುದೇಶದವಳೆಂದು ನಿರ್ಬಂಧದಲ್ಲಿಟ್ಟು, ಮಗ ಮಾರಿಯೊವನ್ನು ಸೆರೆಯಲ್ಲಿಟ್ಟಿತು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದ ಕಾಣಿಕೆಯೆಂದು ಅವನನ್ನು ಬಿಟ್ಟುಕೊಟ್ಟರು. ಬಳಿಕ ಕೊಡೈಕನಾಲಿನಲ್ಲಿ ಕೆಲವು ವರ್ಷ ಶಿಶುಗಳೊಡನೆ ಕಳೆದು, 1946ರಲ್ಲಿ ಯೂರೋಪಿಗೆ ತೆರಳಿ, ಮರುವರ್ಷ ಮತ್ತೆ ಭಾರತಕ್ಕೆ ಬಂದು, 1949ರವರೆಗೆ ಇಲ್ಲಿ ದುಡಿದರು. 1952ನೆಯ ಮೇ 6ರಂದು ಹಾಲೆಂಡಿನ ಕಡಲತೀರದ ಒಂದು ಊರಿನಲ್ಲಿ ದೇಹವಿಟ್ಟರು; ಸಮಾಧಿಯೂ ಅಲ್ಲಿಯೇ ಇದೆ.