ಸದ್ದಿನಿಂದ ಸಂಗೀತ ಕಟ್ಟಿದ ಡೀಲಿಯಾ

ಇಂದು ಯಾವ ಸದ್ದನ್ನಾದರೂ ಮೊಬೈಲಿನಲ್ಲೇ ಕತ್ತರಿಸಿ, ಜೋಡಿಸಿ ಹಾಡು ಮಾಡಬಹುದು. ಅದನ್ನೇ ಬ್ಲೇಡು, ಟೇಪು ಹಿಡಿದು ಮಾಡಿದ ಇಂಗ್ಲೆಂಡಿನ ಡೀಲಿಯಾ ಡರ್ಬಿಷೈರ್ ಅವರ ಬಗ್ಗೆ ನಿಮಗೆ ಹೇಳಬೇಕೆನಿಸಿತು.

ಡೀಲಿಯಾ ಹುಟ್ಟಿದ್ದು 1937ರಲ್ಲಿ, ಕವೆಂಟ್ರಿಯ ಕಾರ್ಮಿಕ ಕುಟುಂಬದಲ್ಲಿ. 1940ರಲ್ಲಿ ಆ ಊರಿನ ಮೇಲೆ ಜರ್ಮನ್ ವಿಮಾನಗಳು ಬಾಂಬ್ ಸುರಿಸಿದಾಗ ಅವರಿಗೆ ಮೂರು ವರ್ಷ. ಅಂದಿನ ಸೈರನ್ ಸದ್ದು ತಮ್ಮ ಸಂಗೀತಕ್ಕೆ ಬೇರಾಯಿತೆಂದು ಮುಂದೆ ಅವರೇ ಹೇಳಿದ್ದುಂಟು. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿದರು. 1959ರಲ್ಲಿ ಡೆಕ್ಕಾ ಕಂಪನಿಗೆ ಕೆಲಸ ಕೇಳಿ ಹೋದರೆ, ರೆಕಾರ್ಡಿಂಗ್ ಸ್ಟುಡಿಯೋಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಸಿಕ್ಕಿತು.

ಡೀಲಿಯಾ ಸುಮ್ಮನಾಗಲಿಲ್ಲ. 1960ರಲ್ಲಿ ಬಿಬಿಸಿ ಸೇರಿ, 1962ರಲ್ಲಿ ಅಲ್ಲಿನ ರೇಡಿಯೋಫೋನಿಕ್ ವರ್ಕ್‌ಶಾಪ್‌ಗೆ ಬಂದರು. ನಾಟಕ, ಕಾರ್ಯಕ್ರಮಗಳಿಗೆ ಹೊಸ ಸದ್ದು ತಯಾರಿಸುವ ವಿಭಾಗವದು. ಅದನ್ನು 1958ರಲ್ಲಿ ಕಟ್ಟಿದವರಲ್ಲೂ ಡಾಫ್ನಿ ಓರಮ್ ಎಂಬ ಮಹಿಳೆ ಇದ್ದರು. ಲೋಹದ ಹಳೇ ಲ್ಯಾಂಪ್‌ಶೇಡ್ ಡೀಲಿಯಾಗೆ ಅಚ್ಚುಮೆಚ್ಚು. ಅದನ್ನು ಬಡಿದು, ಪೆಟ್ಟಿನ ಸದ್ದು ತೆಗೆದುಹಾಕಿ, ಉಳಿದ ಗುಂಯ್‌ಗುಡುವಿಕೆಯಿಂದ ಸ್ವರ ಹುಟ್ಟಿಸುತ್ತಿದ್ದರು.

1963ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತದ ಕೆಲಸ ಬಂತು. ರಾನ್ ಗ್ರೇನರ್ ಬರೆದುಕೊಟ್ಟದ್ದು ಒಂದು ಹಾಳೆಯ ಸ್ವರಲಿಪಿ. ಡೀಲಿಯಾ ಒಂದು ತಂತಿಯ ಮೀಟು, ಆಸಿಲೇಟರ್‌ಗಳ ಧ್ವನಿ, ಸುಯ್ಯೆನ್ನುವ ಗದ್ದಲ ಇವನ್ನೆಲ್ಲ ರೆಕಾರ್ಡ್ ಮಾಡಿದರು. ಪ್ರತಿ ಸ್ವರದ ಟೇಪನ್ನೂ ಅಳತೆಗೆ ತಕ್ಕಂತೆ ಕತ್ತರಿಸಿ ಅಂಟಿಸಿದರು. ಸಹಾಯಕ್ಕೆ ಡಿಕ್ ಮಿಲ್ಸ್ ಇದ್ದರು. ಮಲ್ಟಿಟ್ರ್ಯಾಕ್ ಇಲ್ಲದ್ದರಿಂದ ಬೇರೆ ಬೇರೆ ಟೇಪ್ ಯಂತ್ರಗಳನ್ನು ಒಟ್ಟಿಗೇ ಓಡಿಸಿ ತಾಳ ಕೂಡಿಸಬೇಕಿತ್ತು. ಕೋಡ್‌ನಲ್ಲಿ ಒಂದು ಸಾಲು ತಪ್ಪಿದರೆ ನಾನು ‘ಅನ್‌ಡೂ’ ಒತ್ತುತ್ತೇನೆ. ಅವರಿಗೆ ಆ ಅನುಕೂಲವಿರಲಿಲ್ಲ.

ಕೇಳಿ ಬೆರಗಾದ ಗ್ರೇನರ್, ಡೀಲಿಯಾ ಹೆಸರನ್ನೂ ಸಂಯೋಜಕಿಯಾಗಿ ಸೇರಿಸಬೇಕೆಂದರು. ವರ್ಕ್‌ಶಾಪ್ ಸಿಬ್ಬಂದಿಯ ಹೆಸರು ಹಾಕುವ ಪದ್ಧತಿಯಿಲ್ಲವೆಂದು ಬಿಬಿಸಿ ಒಪ್ಪಲಿಲ್ಲ. ಸಂಗೀತ ಮನೆಮನೆಗೂ ತಲುಪಿತು, ಮಾಡಿದವರು ಮಾತ್ರ ತೆರೆಯ ಹಿಂದೆಯೇ ಉಳಿದರು. ದುಡಿದವರೊಬ್ಬರು, ಹೆಸರು ಇನ್ನೊಬ್ಬರದು ಎನ್ನುವುದು ನಮ್ಮ ಆಫೀಸುಗಳಿಗೂ, ಅಡುಗೆಮನೆಗಳಿಗೂ ಹೊಸದಲ್ಲ ಅಲ್ಲವೇ?

1973ರಲ್ಲಿ ಡೀಲಿಯಾ ಬಿಬಿಸಿ ಬಿಟ್ಟರು. ಕ್ರಮೇಣ ಸಂಗೀತದಿಂದಲೂ ದೂರವಾದರು. 2001ರಲ್ಲಿ ತೀರಿಕೊಂಡರು. ಆಮೇಲೆ ಮನೆಯ ಅಟ್ಟದಲ್ಲಿ ಸಿಕ್ಕಿದ್ದು 267 ಟೇಪುಗಳು! ಅವು ಈಗ ಮ್ಯಾಂಚೆಸ್ಟರ್‌ನಲ್ಲಿ ಸುರಕ್ಷಿತವಾಗಿವೆ. ಧಾರಾವಾಹಿಯ ಸುವರ್ಣ ವರ್ಷವಾದ 2013ರಲ್ಲಿ ಕೊನೆಗೂ ಅವರ ಹೆಸರು ತೆರೆಯ ಮೇಲೆ ಮೂಡಿತು. ನೋಡಲು ಅವರಿರಲಿಲ್ಲ. ನಮ್ಮ ನಡುವೆ ತೆರೆಮರೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಹೆಸರನ್ನಾದರೂ, ಅವರು ಕೇಳಿಸಿಕೊಳ್ಳುವಂತೆ, ಇಂದೇ ಹೇಳೋಣ.