ಮೆಟ್ರಿಕ್ ಪಾಸಾಗದ ನಮ್ಮ ಗುಂಡಪ್ಪನವರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ನಾನು ಕಂಪ್ಯೂಟರಿನ ಬಗ್ಗೆ ಏನಾದರೂ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಂದ ಬೇರೇನು ನಿರೀಕ್ಷಿಸಿಯಾರು? ಆದರೆ ನಾನು ಬರೆಯಹೊರಟಿರುವುದು ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ಬಗ್ಗೆ.

ಅದಕ್ಕೆ ಎರಡು ಕಾರಣಗಳಿವೆ. ನಮ್ಮ ಶಾಲೆ ಆರಂಭವಾದದ್ದು 1975ರ ಜೂನ್ ತಿಂಗಳಲ್ಲಿ. ಡಿವಿಜಿಯವರು ತೀರಿಕೊಂಡದ್ದು ಅದೇ ವರ್ಷ ಅಕ್ಟೋಬರ್ 7ರಂದು. ನಮ್ಮ ತಾಲ್ಲೂಕಿನ ಒಂದು ದೊಡ್ಡ ಜೀವ ಕಣ್ಣು ಮುಚ್ಚಿದ ವರ್ಷವೇ ನಮ್ಮೂರಿನಲ್ಲಿ ಈ ಶಾಲೆ ಕಣ್ಣು ತೆರೆಯಿತು. ಎರಡನೆಯ ಕಾರಣ ನನ್ನ ಸ್ವಂತದ್ದು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆರು ವರ್ಷಗಳ ಹಿಂದೆ ಶಾಲಾ ವಾರ್ಷಿಕೋತ್ಸವದಲ್ಲಿ ನನ್ನನ್ನು ವೇದಿಕೆಗೆ ಕರೆದು, ಸಾಧನೆ ಮಾಡಿದ ಹಳೆಯ ವಿದ್ಯಾರ್ಥಿ ಎಂದು ಶಾಲು ಹೊದಿಸಿ ಹಾರ ಹಾಕಿದಿರಿ. ಮಕ್ಕಳ ಮುಂದೆ ಹತ್ತು ನಿಮಿಷ ಮಾತಾಡಿದೆ. ಕಷ್ಟಪಟ್ಟು ಓದಿ, ದೊಡ್ಡ ಕನಸು ಕಾಣಿ ಎಂದೆಲ್ಲ ಹೇಳಿದೆ. ಹೇಳದೆ ಬಿಟ್ಟ ಒಂದು ಸಂಗತಿ ಇತ್ತು. 2005ರ ಎಸ್ಸೆಸ್ಸೆಲ್ಸಿಯಲ್ಲಿ ನಾನು ಗಣಿತದಲ್ಲಿ ಫೇಲಾಗಿದ್ದೆ. ಬಂದದ್ದು 26 ಅಂಕ. ಪೂರಕ ಪರೀಕ್ಷೆ ಕಟ್ಟಿ ಪಾಸಾಗಿ, ಡಿಪ್ಲೊಮಾ ಮಾಡಿ, ಅಲ್ಲಿಂದ ಬಿ.ಇ. ಎರಡನೇ ವರ್ಷಕ್ಕೆ ಸೇರಿದವನು ನಾನು. ನನ್ನ ಜೊತೆ ಓದಿದವರಿಗೆ ಇದು ಗೊತ್ತು, ನಮ್ಮ ಮೇಷ್ಟ್ರಿಗೂ ಗೊತ್ತು. ಗೊತ್ತಾಗಬೇಕಾಗಿದ್ದದ್ದು ಎದುರಿಗೆ ಕೂತಿದ್ದ ಮಕ್ಕಳಿಗೆ. ಅವರಿಗೆ ಹೇಳುವ ಧೈರ್ಯ ನನಗೆ ಆ ದಿನ ಬರಲಿಲ್ಲ. ಹೆಗಲ ಮೇಲಿನ ಶಾಲು ಜಾರಿಬಿಡುತ್ತದೇನೋ ಅನ್ನಿಸಿತು.

ಇನ್ನು ಗುಂಡಪ್ಪನವರ ಕಥೆಗೆ ಬರುತ್ತೇನೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ಆಂಜನೇಯನ ಗುಡಿ, ಕುರುಡುಮಲೆ ಗಣಪತಿ, ಬಂಡೆ ಬೆಟ್ಟಗಳು, ಬೀದಿಯಲ್ಲಿ ತೆಲುಗು ಕನ್ನಡ ಎರಡೂ ಬೆರೆತ ಮಾತು. ನಾವು ನೀವು ಬೆಳೆದ ಸೀಮೆಯೇ. ಊರಿನಲ್ಲಿ ಆರಂಭದ ಓದು ಮುಗಿಸಿ, ಮೈಸೂರಿನಲ್ಲಿ, ಆಮೇಲೆ ಕೋಲಾರದಲ್ಲಿ ಹೈಸ್ಕೂಲು ಓದಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂತರು. ಪಾಸಾಗಲಿಲ್ಲ. ಅವರ ಶಾಲಾ ಓದು ಅಲ್ಲಿಗೆ ಮುಗಿಯಿತು. ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವರು ಹತ್ತಲೇ ಇಲ್ಲ.

ಆ ಕಾಲದಲ್ಲಿ ಮೆಟ್ರಿಕ್ ಪಾಸಾದರೆ ಸರ್ಕಾರಿ ನೌಕರಿಯ ಬಾಗಿಲು ತೆರೆದ ಹಾಗೆ. ಪಾಸಾಗದ ಹುಡುಗನಿಗೆ ಆ ಬಾಗಿಲು ಮುಚ್ಚಿತು. ಚಿಕ್ಕ ವಯಸ್ಸಿಗೇ ಮದುವೆಯೂ ಆಗಿತ್ತು. ಸಂಸಾರ ನಡೆಯಬೇಕು. ಸ್ವಲ್ಪ ಕಾಲ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಕೋಲಾರದ ಚಿನ್ನದ ಗಣಿಯ ಕಡೆ ಹೋಗಿ ಸೋಡಾ ಕಾರ್ಖಾನೆಯಲ್ಲಿ ಇದ್ದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಕೆಲಸ ಮಾಡಿದರು. ಮುಂದೆ ನಾಡಿನ ದೊಡ್ಡ ವಿದ್ವಾಂಸರೆಲ್ಲ ಎದ್ದು ನಿಂತು ಗೌರವಿಸಿದ ವ್ಯಕ್ತಿ ಇಪ್ಪತ್ತರ ಆಸುಪಾಸಿನಲ್ಲಿ ಇದ್ದ ಸ್ಥಿತಿ ಇದು. ಆ ದಿನಗಳಲ್ಲಿ ನಮ್ಮೂರ ಕಟ್ಟೆಯ ಮೇಲೆ ಕೂತವರು ಯಾರಾದರೂ ಅವರನ್ನು ನೋಡಿದ್ದರೆ, ಈ ಹುಡುಗ ಕೈಬಿಟ್ಟ ಎಂದೇ ತೀರ್ಮಾನಿಸುತ್ತಿದ್ದರು.

ಆದರೆ ಅವರು ಪರೀಕ್ಷೆಯನ್ನು ಬಿಟ್ಟರೇ ಹೊರತು ಓದನ್ನು ಬಿಡಲಿಲ್ಲ. ಇಂಗ್ಲಿಷನ್ನು ತಾವಾಗಿ ಓದಿ ಕಲಿತರು. ಸಂಸ್ಕೃತವನ್ನೂ ವೇದಾಂತವನ್ನೂ ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ಪಂಡಿತರ ಬಳಿ ಕೂತು ಕಲಿತರು. ಪತ್ರಿಕೆಗಳಿಗೆ ವರದಿ ಬರೆಯುತ್ತ ಬರೆಯುತ್ತ ಪತ್ರಕರ್ತರಾದರು. 1913ರಲ್ಲಿ, 26ನೆಯ ವಯಸ್ಸಿಗೆ, ಬೆಂಗಳೂರಿನಲ್ಲಿ ಕರ್ನಾಟಕ ಎಂಬ ಪತ್ರಿಕೆಯನ್ನು ತಾವೇ ಆರಂಭಿಸಿದರು. ವಾರಕ್ಕೆರಡು ಸಲ ಬರುತ್ತಿದ್ದ ಆ ಪತ್ರಿಕೆ ಇದ್ದದ್ದು ಇಂಗ್ಲಿಷಿನಲ್ಲಿ! ಮೆಟ್ರಿಕ್ ದಾಟದ ಮುಳಬಾಗಿಲಿನ ಹುಡುಗ ಇಂಗ್ಲಿಷ್ ಪತ್ರಿಕೆಯ ಸಂಪಾದಕ. ಆಗ ಮೈಸೂರಿಗೆ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅವರಂಥವರ ಆಡಳಿತವನ್ನೂ ಗುಂಡಪ್ಪನವರು ಅಳೆದು ತೂಗಿ ವಿಮರ್ಶೆ ಮಾಡುತ್ತಿದ್ದರು. ಇಬ್ಬರ ನಡುವೆ ಸ್ನೇಹವೂ ಗೌರವವೂ ಇತ್ತು. ಹಾಗೆಂದು ಅಭಿಪ್ರಾಯದಲ್ಲಿ ರಾಜಿ ಇರಲಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ನನ್ನ ಡಿಪ್ಲೊಮಾ ದಿನಗಳು ನೆನಪಾಗುತ್ತವೆ. ಇಂಗ್ಲಿಷ್ ಮಾಧ್ಯಮದಿಂದ ಬಂದ ಹುಡುಗರ ಮುಂದೆ ಬಾಯಿ ತೆರೆಯಲು ಹೆದರಿ, ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ನನ್ನ ಸೀಮೆಯ ಒಬ್ಬರು ನೂರು ವರ್ಷಗಳ ಹಿಂದೆಯೇ ಆ ಹೆದರಿಕೆಯನ್ನು ದಾಟಿದ್ದರೆಂದು ಆಗ ನನಗೆ ಗೊತ್ತಿರಲಿಲ್ಲ. ಡಿವಿಜಿ ಎಂದರೆ ಪಠ್ಯಪುಸ್ತಕದಲ್ಲಿ ಎರಡು ಅಂಕದ ಕವಿ ಪರಿಚಯ, ಅಷ್ಟೆ.

ಪತ್ರಿಕೆ ಕೆಲವು ವರ್ಷ ನಡೆದು ನಿಂತಿತು. ಅವರು ಕೈಹಾಕಿದ ಪತ್ರಿಕೆಗಳು ಒಂದಲ್ಲ, ಹಲವು. ದೀರ್ಘಕಾಲ ಬಾಳಿದವು ಕಡಿಮೆ. 1924ರಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಪತ್ನಿ ಭಾಗೀರಥಮ್ಮನವರು ತೀರಿಕೊಂಡರು. ಗುಂಡಪ್ಪನವರಿಗೆ ಆಗ 37 ವರ್ಷ. ಮನೆಯಲ್ಲಿ ತಾಯಿಯಿಲ್ಲದ ಮಕ್ಕಳು. ಅವರು ಮತ್ತೆ ಮದುವೆಯಾಗಲಿಲ್ಲ. ಮುಂದಿನ ಐವತ್ತು ವರ್ಷ ಒಂಟಿಯಾಗಿಯೇ ನಡೆದರು. ಅವರ ಮಗ ಬಿ.ಜಿ.ಎಲ್. ಸ್ವಾಮಿ ಮುಂದೆ ಹೆಸರಾಂತ ಸಸ್ಯವಿಜ್ಞಾನಿಯೂ ಕನ್ನಡದ ಒಳ್ಳೆಯ ಲೇಖಕರೂ ಆದರು. ಅವರ ಹಸುರು ಹೊನ್ನು ಪುಸ್ತಕ ನಿಮ್ಮಲ್ಲಿ ಹಲವರು ಓದಿರಬಹುದು.

ದುಃಖದಲ್ಲಿ ಮುಳುಗಿದ ಮನುಷ್ಯ ಸಾರ್ವಜನಿಕ ಕೆಲಸ ಬಿಟ್ಟು ಮೂಲೆ ಸೇರಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಗುಂಡಪ್ಪನವರು ಹಾಗೆ ಮಾಡಲಿಲ್ಲ. ಮೈಸೂರು ಸಂಸ್ಥಾನದ ಶಾಸನ ಸಭೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸದಸ್ಯರಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲಿ ಕೂತರು. ಪದವಿಯಿಲ್ಲದವರು ಪದವಿ ಕೊಡುವ ಸಂಸ್ಥೆಗೆ ಬುದ್ಧಿ ಹೇಳುವ ಜಾಗದಲ್ಲಿ ಕೂತದ್ದನ್ನು ಒಮ್ಮೆ ಊಹಿಸಿಕೊಳ್ಳಿ. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆಮೇಲೆ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದರು.

ಇಷ್ಟಾದರೂ ನಾವು ಇವತ್ತು ಅವರನ್ನು ಯಾವ ಪುಸ್ತಕದಿಂದ ಗುರುತಿಸುತ್ತೇವೋ ಅದು ಇನ್ನೂ ಬಂದಿರಲಿಲ್ಲ. ಮಂಕುತಿಮ್ಮನ ಕಗ್ಗ ಪ್ರಕಟವಾದದ್ದು 1943ರಲ್ಲಿ. ಆಗ ಅವರಿಗೆ 56 ವರ್ಷ. ಹೆಚ್ಚಿನವರು ಪೆನ್ಷನ್ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವರ ಮುಖ್ಯ ಪುಸ್ತಕ ಹೊರಬಂತು. ಅದರಲ್ಲಿರುವುದು 945 ಪದ್ಯಗಳು, ಪ್ರತಿಯೊಂದೂ ನಾಲ್ಕೇ ಸಾಲು. ನಮ್ಮ ಕನ್ನಡ ಮೇಷ್ಟ್ರು ಬೆಳಗಿನ ಪ್ರಾರ್ಥನೆಗೆ ಮುಂಚೆ ಒಂದೊಂದನ್ನು ಕಪ್ಪು ಹಲಗೆಯ ಮೇಲೆ ಬರೆಸುತ್ತಿದ್ದರು. ನಾವು ಅರ್ಥವಾಗದೆ ಬಾಯಿಪಾಠ ಮಾಡುತ್ತಿದ್ದೆವು.

ಆ ಹೆಸರನ್ನೇ ಸ್ವಲ್ಪ ಗಮನಿಸಿ. ಮಂಕು ಎಂದರೆ ದಡ್ಡ, ತಿಮ್ಮ ಎಂದರೆ ಯಾರೋ ಒಬ್ಬ ಸಾಧಾರಣ ಮನುಷ್ಯ. ಕಗ್ಗ ಎಂದರೆ ಸುಲಭವಾಗಿ ಬಿಡಿಸಲಾಗದ ಗೋಜಲು ಮಾತು. ನಾಡಿನ ಹಿರಿಯ ವಿದ್ವಾಂಸರೊಬ್ಬರು ತಮ್ಮ ಬದುಕಿನ ತಿಳಿವನ್ನೆಲ್ಲ ಹಾಕಿ ಬರೆದ ಪುಸ್ತಕಕ್ಕೆ ದಡ್ಡ ತಿಮ್ಮನ ಗೋಜಲು ಎಂದು ಹೆಸರಿಟ್ಟರು. ನನಗೆ ಅವರ ಆತ್ಮವಿಶ್ವಾಸ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇಲ್ಲಿ. ತನ್ನ ಬಗ್ಗೆ ಒಳಗೆ ಅನುಮಾನ ಇರುವವನು ಹೆಸರಿನ ಹಿಂದೆ ಮುಂದೆ ಬಿರುದು ಅಂಟಿಸಿಕೊಳ್ಳುತ್ತಾನೆ. ಒಳಗೆ ನೆಲೆ ಸಿಕ್ಕವನು ತನ್ನನ್ನು ಮಂಕು ಎಂದು ಕರೆದುಕೊಂಡು ನಗಬಲ್ಲ. ನಾನು ವೇದಿಕೆಯ ಮೇಲೆ 26 ಅಂಕವನ್ನು ಮುಚ್ಚಿಟ್ಟದ್ದು ಯಾವ ಪಂಗಡಕ್ಕೆ ಸೇರುತ್ತದೆಂದು ನೀವೇ ಹೇಳಿ.

1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ನಾಗರಿಕರು ರಾಜಕೀಯ, ಸಾಹಿತ್ಯ, ಧರ್ಮಗಳನ್ನು ಕೂತು ಓದಿ ಚರ್ಚಿಸುವ ಜಾಗ ಅದು. ನರಸಿಂಹರಾಜ ಕಾಲೋನಿಯಲ್ಲಿ ಇಂದಿಗೂ ನಡೆಯುತ್ತಿದೆ. 58ನೆಯ ವಯಸ್ಸಿನಲ್ಲಿ ಹೊಸ ಸಂಸ್ಥೆ ಕಟ್ಟಿ, ಮುಂದಿನ ಮೂವತ್ತು ವರ್ಷ ಅದನ್ನು ನೋಡಿಕೊಂಡರು. ಆ ವರ್ಷಗಳಲ್ಲೇ ಜ್ಞಾಪಕ ಚಿತ್ರಶಾಲೆಯ ಎಂಟು ಸಂಪುಟಗಳನ್ನು ಬರೆದರು. ಅದರಲ್ಲಿ ದಿವಾನರಿದ್ದಾರೆ, ಸಂಗೀತಗಾರರಿದ್ದಾರೆ, ವೈದಿಕ ಪಂಡಿತರಿದ್ದಾರೆ, ಹೆಸರಿಲ್ಲದ ಸಾಮಾನ್ಯ ಜನರೂ ಇದ್ದಾರೆ. ತಾನು ಕಂಡವರ ಒಳ್ಳೆಯದನ್ನು ನೆನೆದು ನೆನೆದು ಬರೆದ ಪುಸ್ತಕ ಅದು. ಇನ್ನೊಬ್ಬರನ್ನು ಹೊಗಳಿದರೆ ತಾನು ಕುಗ್ಗುತ್ತೇನೆಂಬ ಭಯ ಅವರಿಗಿರಲಿಲ್ಲ.

1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಆಗ ಅವರಿಗೆ 74 ವರ್ಷ. ಗೀತೆಯ ಬಗ್ಗೆ ಅವರು ಬರೆದ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ 80 ವರ್ಷ. 1970ರಲ್ಲಿ ಅವರನ್ನು ಸನ್ಮಾನಿಸಿ ಒಂದು ದೊಡ್ಡ ಮೊತ್ತದ ನಿಧಿಯನ್ನು ಅರ್ಪಿಸಿದರು. ಅವರು ಅದನ್ನು ಮನೆಗೆ ಒಯ್ಯಲಿಲ್ಲ, ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. ಮರುವರ್ಷ, 88ನೆಯ ವಯಸ್ಸಿನಲ್ಲಿ, ಹೊರಟುಹೋದರು. ಬರೆದಿಟ್ಟದ್ದು ಇನ್ನೂ ಉಳಿದಿತ್ತು. ಮರುಳ ಮುನಿಯನ ಕಗ್ಗ ಅವರು ಹೋದ ಮೇಲೆ ಪ್ರಕಟವಾಯಿತು.

ಈ ಇಸವಿಗಳನ್ನೆಲ್ಲ ನಾನು ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡದ್ದು 2023ರಲ್ಲಿ. ಆ ವರ್ಷ ನನ್ನ ಕೆಲಸ ಹೋಯಿತು. ಒಂದು ಬೆಳಗ್ಗೆ ಹದಿನೈದು ನಿಮಿಷದ ಮೀಟಿಂಗಿನಲ್ಲಿ ಹನ್ನೊಂದು ವರ್ಷದ ಅನುಭವ ಮುಗಿದುಹೋಯಿತು. ನನಗಾಗ 34. ಸಂದರ್ಶನಕ್ಕೆ ಹೋದಲ್ಲೆಲ್ಲ ನನಗಿಂತ ಹತ್ತು ವರ್ಷ ಚಿಕ್ಕವರು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಗೊತ್ತಿದ್ದರೂ ನಾಲಿಗೆ ತೊದಲುತ್ತಿತ್ತು. ಊರಿಗೆ ಫೋನ್ ಮಾಡಿದಾಗ ಆಫೀಸಿನಲ್ಲಿದ್ದೇನೆ ಎಂದು ಅಪ್ಪನಿಗೆ ಮೂರು ತಿಂಗಳು ಸುಳ್ಳು ಹೇಳಿದೆ. ಸಂಜೆ ಹೊತ್ತು ಕಳೆಯಲು ಬಸವನಗುಡಿಯ ಕಹಳೆ ಬಂಡೆ ಉದ್ಯಾನಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿ ಗುಂಡಪ್ಪನವರ ಪ್ರತಿಮೆ ಇದೆ. ಪಕ್ಕದ ರಸ್ತೆಗೂ ಅವರದೇ ಹೆಸರು. ನಮ್ಮ ತಾಲ್ಲೂಕಿನವರಲ್ಲವೇ ಎಂಬ ಒಂದೇ ಅಭಿಮಾನದಿಂದ ಅವರ ಪುಸ್ತಕ ಕೊಂಡೆ. ಓದುತ್ತ ಹೋದಂತೆ 34 ಎಂಬುದು ಯಾವ ಲೆಕ್ಕಕ್ಕೂ ಬಾರದ ವಯಸ್ಸು ಅನ್ನಿಸಿತು. ಅವರ ಕಗ್ಗಕ್ಕೆ ನನಗಿನ್ನೂ 22 ವರ್ಷ ಇತ್ತು!

ಮುಂದಿನ ಭಾನುವಾರ ಊರಿಗೆ ಬಂದು ಅಪ್ಪನಿಗೆ ನಿಜ ಹೇಳಿದೆ. ಅವರು ಮೊದಲು ಕೇಳಿದ್ದು ಊಟ ಆಯಿತಾ ಎಂದು. ಆಮೇಲೆ, ಟೊಮೆಟೊ ರಸ್ತೆಗೆ ಸುರಿದ ವರ್ಷವೂ ತಾವು ಮರುವಾರ ನಾರು ಹಾಕಿದ್ದನ್ನು ನೆನಪಿಸಿ ಎಮ್ಮೆಗೆ ಮೇವು ಹಾಕಲು ಎದ್ದುಹೋದರು. ಎರಡು ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ಹೊಸದಾಗಿ ಕಲಿಯಬೇಕಾದದ್ದು ಬಹಳ. ಕಲಿಯುತ್ತಿದ್ದೇನೆ.

ಫೇಲಾಗುವುದು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಪಾಸಾಗಿ, ಒಳ್ಳೆಯ ಅಂಕ ತೆಗೆಯಿರಿ, ಅದರಿಂದ ದಾರಿ ಸುಲಭವಾಗುತ್ತದೆ. ಎಲ್ಲರೂ ಡಿವಿಜಿ ಆಗುವುದೂ ಇಲ್ಲ. ಆದರೆ ಅಂಕಪಟ್ಟಿ ಒಂದು ದಿನದ ಲೆಕ್ಕ. ಗುಂಡಪ್ಪನವರು ತಮ್ಮ ಬೆಲೆಯನ್ನು ಆ ಒಂದು ದಿನಕ್ಕೆ ಬಿಟ್ಟುಕೊಡಲಿಲ್ಲ. ಇಪ್ಪತ್ತರಲ್ಲಿ ಬಣ್ಣದ ಬ್ರಷ್ಷು, ಇಪ್ಪತ್ತಾರರಲ್ಲಿ ಪತ್ರಿಕೆ, ಐವತ್ತಾರರಲ್ಲಿ ಕಗ್ಗ, ಎಂಬತ್ತರಲ್ಲೂ ಪೆನ್ನು. ಆಯಾ ವಯಸ್ಸಿಗೆ ಕೈಗೆ ಬಂದ ಕೆಲಸವನ್ನು ಮನಸ್ಸಿಟ್ಟು ಮಾಡಿದರು. ಅವರ ಆತ್ಮವಿಶ್ವಾಸ ಆ ಕೆಲಸದಿಂದ ಹುಟ್ಟಿದ್ದೆಂದು ನನ್ನ ನಂಬಿಕೆ.

ಈ ವರ್ಷ ಹತ್ತನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳೇ, ಫಲಿತಾಂಶದ ದಿನ ನಿಮ್ಮಲ್ಲಿ ಯಾರಾದರೂ ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಒಬ್ಬರೇ ಹೋಗಿ ಕೂತರೆ, ಇಪ್ಪತ್ತು ವರ್ಷಗಳ ಹಿಂದೆ ಅಲ್ಲೇ ಕೂತವನೊಬ್ಬ ಈ ಸಂಚಿಕೆಯಲ್ಲಿ ಬರೆದಿದ್ದಾನೆಂದು ನೆನಪಿಡಿ. ಸಮಿತಿಯವರ ಬಳಿ ನನ್ನ ಫೋನ್ ನಂಬರ್ ಇದೆ. ಪೂರಕ ಪರೀಕ್ಷೆಗೆ ಗಣಿತ ಹೇಳಿಕೊಡಲು ಭಾನುವಾರಗಳಂದು ಊರಿಗೆ ಬರುತ್ತೇನೆ. 26 ಅಂಕ ತೆಗೆದವನಿಗೆ ಎಲ್ಲೆಲ್ಲಿ ತಪ್ಪಾಗುತ್ತದೆಂದು ಚೆನ್ನಾಗಿ ಗೊತ್ತು.

ನನಗೆ ಅಕ್ಷರ ಕೊಟ್ಟ ಈ ಶಾಲೆಗೂ, ಫೇಲಾದ ಮೇಲೂ ನನ್ನನ್ನು ಮನೆಗೆ ಕರೆದು ಲೆಕ್ಕ ಹೇಳಿಕೊಟ್ಟ ನಮ್ಮ ಗಣಿತದ ಮೇಷ್ಟ್ರಿಗೂ ನನ್ನ ನಮಸ್ಕಾರಗಳು.

(ಲೇಖಕರು 2004–05ನೇ ಸಾಲಿನ ಹತ್ತನೇ ತರಗತಿಯ ಹಳೆಯ ವಿದ್ಯಾರ್ಥಿ)