ಕವಿವರ ಬನಾರಸೀದಾಸರ ನಿತ್ಯನಿಯಮ

ಸಮಯಸಾರ ನಾಟಕದ ಕರ್ತೃ ಕವಿವರ ಬನಾರಸೀದಾಸರ ಹೆಸರನ್ನು ಕೇಳದ ಸ್ವಾಧ್ಯಾಯಶೀಲರು ವಿರಳ. ಆದರೆ ಆ ಗ್ರಂಥದ ಹಿಂದೆ ಐವತ್ತು ವರ್ಷಗಳ ಏಳುಬೀಳುಗಳ ಗೃಹಸ್ಥಜೀವನವೊಂದಿತ್ತೆಂಬುದು ಎಲ್ಲರಿಗೂ ತಿಳಿದಿರಲಾರದು. ತಮ್ಮ ಬಾಳಿನ ಜಮಾಖರ್ಚನ್ನು ಅವರೇ ‘ಅರ್ಧಕಥಾನಕ’ವೆಂಬ ಪದ್ಯಗ್ರಂಥದಲ್ಲಿ ಮರೆಮಾಚದೆ ಬರೆದಿಟ್ಟಿದ್ದಾರೆ. ಒಬ್ಬ ಶ್ರಾವಕನು ನಿಯಮವನ್ನು ಹೇಗೆ ಹಿಡಿದನು, ಹೇಗೆ ಕೈಬಿಟ್ಟನು, ಅದರ ಬೆಲೆಯನ್ನು ಎಷ್ಟು ತಡವಾಗಿ ಅರಿತನು ಎಂಬುದೆಲ್ಲವೂ ಅಲ್ಲಿದೆ.

ಉತ್ತರ ಭಾರತದ ಜೌನ್‌ಪುರದಲ್ಲಿ ವಿಕ್ರಮ ಸಂವತ್ 1643ರ ಮಾಘಮಾಸದಲ್ಲಿ ಅವರ ಜನನವಾಯಿತು. ತಂದೆ ಖರಗಸೇನರು ಶ್ರೀಮಾಲ ಕುಲದ ರತ್ನವ್ಯಾಪಾರಿಗಳು. ಮನೆತನವು ಶ್ವೇತಾಂಬರ ಆಮ್ನಾಯದ್ದು. ಮಗುವಿಗೆ ಮೊದಲಿಟ್ಟ ಹೆಸರು ವಿಕ್ರಮಾಜೀತ. ಕಾಶಿಯ ಪಾರ್ಶ್ವನಾಥ ಜಿನಾಲಯಕ್ಕೆ ಯಾತ್ರೆ ಹೋದಾಗ ಅಲ್ಲಿಯ ಅರ್ಚಕನ ಮಾತಿನಂತೆ ಭಗವಂತನ ಜನ್ಮನಗರಿಯ ಹೆಸರನ್ನೇ ಮಗುವಿಗೆ ಇಟ್ಟರು.

ಹುಡುಗ ಬುದ್ಧಿವಂತ. ಕೋಶ, ಅಲಂಕಾರ, ಜ್ಯೋತಿಷ ಮೊದಲಾದುವನ್ನು ಬೇಗನೆ ಕಲಿತನು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಶೃಂಗಾರಪ್ರಧಾನವಾದ ಸಾವಿರ ಪದ್ಯಗಳ ಕೃತಿಯೊಂದನ್ನು ಹೊಸೆದನು. ವಿದ್ಯೆಯೊಡನೆ ವಿಷಯಾಸಕ್ತಿಯೂ ಬೆಳೆಯಿತು. ತಂದೆಯ ಪೆಟ್ಟಿಗೆಯಿಂದ ರತ್ನಗಳನ್ನು ಕದ್ದು ವ್ಯಸನಕ್ಕೆ ಸುರಿದದ್ದೂ ಉಂಟು. ಅದರ ಫಲವಾಗಿ ಬಂದ ಘೋರ ವ್ಯಾಧಿಯಲ್ಲಿ, ಬಂಧುಮಿತ್ರರು ಹತ್ತಿರ ಬರಲು ಹೇಸುತ್ತಿದ್ದಾಗ, ಶುಶ್ರೂಷೆ ಮಾಡಿದವರು ಪತ್ನಿ ಮತ್ತು ಅತ್ತೆ.

ಹದಿನೇಳು-ಹದಿನೆಂಟರ ಪ್ರಾಯದಲ್ಲಿ ಅವರ ಮೊದಲ ನಿತ್ಯನಿಯಮ ಆರಂಭವಾಯಿತು, ಅದೂ ಎಂತಹುದು! ಸಂನ್ಯಾಸಿಯೊಬ್ಬನು ಮಂತ್ರವೊಂದನ್ನು ಕೊಟ್ಟು, ಒಂದು ವರ್ಷ ಯಾರಿಗೂ ತಿಳಿಯದಂತೆ ಜಪಿಸಿದರೆ ಆ ಬಳಿಕ ಪ್ರತಿದಿನವೂ ಬಾಗಿಲಲ್ಲಿ ಒಂದು ಚಿನ್ನದ ದೀನಾರ ಬಿದ್ದಿರುವುದೆಂದು ನಂಬಿಸಿದನು. ಬನಾರಸೀದಾಸರು ವರ್ಷಪೂರ್ತಿ ಒಂದು ದಿನವೂ ತಪ್ಪದೆ ಜಪಿಸಿದರು. ಅವಧಿ ಮುಗಿದ ಬೆಳಿಗ್ಗೆ ಸ್ನಾನ ಮಾಡಿ ಬಂದು ಬಾಗಿಲಲ್ಲಿ ಹುಡುಕಿದರು, ಮರುದಿನವೂ ಹುಡುಕಿದರು. ದೀನಾರವಿರಲಿಲ್ಲ. ಬಳಿಕ ಯೋಗಿಯೊಬ್ಬನು ಸಣ್ಣ ಶಂಖವನ್ನು ಸದಾಶಿವನೆಂದು ಕೊಟ್ಟು ಪೂಜೆ ಹೇಳಿಕೊಟ್ಟನು. ಅದನ್ನೂ ಗುಟ್ಟಾಗಿ ಪೂಜಿಸತೊಡಗಿದರು. ಪೂಜಿಸದೆ ಉಂಡ ದಿನವಿದ್ದರೆ ಮರುದಿನ ತುಪ್ಪವಿಲ್ಲದ ಒಣ ಊಟವೇ ಪ್ರಾಯಶ್ಚಿತ್ತ. ನಿಯಮದ ಶಿಸ್ತನ್ನು ನೋಡಿದರೆ ಇದರಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆಯಿದ್ದುದು ಬೇರೆಡೆ. ಮಾಯಾ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳೂ ಆ ಒಂದೇ ಜಪದಲ್ಲಿ ಸೇರಿಕೊಂಡಿದ್ದುವು. ಮಗನ ಪರೀಕ್ಷೆಗಾಗಿ, ಅಂಗಡಿಯ ಏಳ್ಗೆಗಾಗಿ ಉಪವಾಸ ಹಿಡಿದು, ಪಾರಣೆಯ ಮರುದಿನವೇ ಫಲವನ್ನು ಬಾಗಿಲಲ್ಲಿ ಹುಡುಕುವವರು ಇಂದಿಗೂ ಇಲ್ಲದಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ಬಗೆಯ ನಿಯಮವನ್ನೂ ಅವರು ಹಿಡಿದರು. ಸಂವತ್ 1661ರಲ್ಲಿ (ಕ್ರಿ.ಶ. 1604) ಸಾಹು ಹೀರಾನಂದರ ಸಂಘದೊಡನೆ ತಂದೆಯವರು ಸಮ್ಮೇದಶಿಖರಕ್ಕೆ ತೆರಳಿದಾಗ, ಕಾಶಿಯ ಪಾರ್ಶ್ವನಾಥಸ್ವಾಮಿಯ ದರ್ಶನವಾಗುವವರೆಗೆ ಹಾಲು, ಮೊಸರು, ತುಪ್ಪ, ಅಕ್ಕಿ, ಕಡಲೆ, ಎಣ್ಣೆ, ತಾಂಬೂಲ, ಹೂವು ಇವನ್ನು ಮುಟ್ಟುವುದಿಲ್ಲವೆಂದು ಸಂಕಲ್ಪಿಸಿದರು. ಸುಮಾರು ಆರು ತಿಂಗಳು ಹಾಗೆಯೇ ಕಳೆದುವು. ಕಾರ್ತಿಕ ಹುಣ್ಣಿಮೆಯ ವೇಳೆಗೆ ಕಾಶಿಗೆ ಹೋಗಿ ಪೂಜೆ ಸಲ್ಲಿಸಿದರು. ಶಂಖವೂ ಜೊತೆಯಲ್ಲಿಯೇ ಇತ್ತೆಂಬುದು ಬೇರೆ ಮಾತು! ಒಂದೇ ಮನಸ್ಸಿನಲ್ಲಿ ರಸತ್ಯಾಗವೂ ಮೂಢತೆಯೂ ನೆರೆಹೊರೆಯವರಂತೆ ವಾಸಿಸಬಲ್ಲುವು.

1605ರಲ್ಲಿ ಅಕ್ಬರ್ ಬಾದಶಹನು ತೀರಿಕೊಂಡ ವಾರ್ತೆ ಜೌನ್‌ಪುರಕ್ಕೆ ಬಂದಾಗ ಬನಾರಸೀದಾಸರು ಮೆಟ್ಟಿಲ ಮೇಲೆ ಕುಳಿತಿದ್ದರು. ಕೇಳಿದೊಡನೆ ಮೂರ್ಛೆಹೋಗಿ ಉರುಳಿದರು. ತಲೆಯೊಡೆದು ರಕ್ತ ಹರಿಯಿತು. ಪಟ್ಟಣದಲ್ಲಿ ಅಂಗಡಿಗಳು ಮುಚ್ಚಿದುವು, ಜನರು ಒಡವೆಗಳನ್ನು ನೆಲದಲ್ಲಿ ಹೂತಿಟ್ಟರು. ಜಹಾಂಗೀರನು ಪಟ್ಟವೇರಿದ ಸುದ್ದಿ ಬಂದಮೇಲೆ ಊರು ಶಾಂತವಾಯಿತು. ಗಾಯ ಮಾಯಿತು, ಆದರೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು: ಬಿದ್ದಾಗ ಶಂಖವು ಮಾಡಿದ ಸಹಾಯವೇನು? ಅಂದಿಗೆ ಆ ಪೂಜೆ ನಿಂತಿತು. ಕೆಲಕಾಲದ ಮೇಲೆ ಗೋಮತೀ ನದಿಯ ಸೇತುವೆಯಲ್ಲಿ ಮಿತ್ರರಿಗೆ ತಮ್ಮ ಶೃಂಗಾರಕೃತಿಯನ್ನು ಓದಿಹೇಳುತ್ತಿರುವಾಗ, ಒಂದು ಸುಳ್ಳಿಗೇ ದುರ್ಗತಿಯಿರುವಲ್ಲಿ ಹೊತ್ತಗೆಯ ತುಂಬ ಸುಳ್ಳನ್ನು ತುಂಬಿದವನ ಗತಿಯೇನೆಂಬ ಯೋಚನೆ ಬಂದು, ಹಾಳೆಗಳನ್ನೆಲ್ಲ ನದಿಗೆ ಎಸೆದುಬಿಟ್ಟರು. ಮಿತ್ರರು ಹಾಹಾಕಾರ ಮಾಡಿದರು. ತಂದೆಗೆ ಮಾತ್ರ ಸಂತೋಷವಾಯಿತು.

ಅಲ್ಲಿಂದ ದಿನಚರಿ ಬದಲಾಯಿತು. ಜಿನದರ್ಶನವಾಗದೆ ಊಟವಿಲ್ಲ. ಸಾಮಾಯಿಕ, ಪ್ರತಿಕ್ರಮಣಗಳು ನಡೆದುವು. ಹದಿನಾಲ್ಕು ನಿಯಮಗಳನ್ನೂ ಪಾಲಿಸತೊಡಗಿದರು. ಎಂದರೆ ಆಹಾರದ್ರವ್ಯ, ತಾಂಬೂಲ, ವಸ್ತ್ರ, ವಾಹನ, ಶಯ್ಯೆ, ಸ್ನಾನ ಇತ್ಯಾದಿಗಳಿಗೆ ಅಂದಂದಿನ ಮಿತಿಯನ್ನು ಅಂದಂದೇ ಗೊತ್ತುಮಾಡಿಕೊಳ್ಳುವುದು. ನಮ್ಮವರು ಭೋಗೋಪಭೋಗ ಪರಿಮಾಣವೆನ್ನುವುದು ಇದಕ್ಕೆ ಹತ್ತಿರವಾದುದೇ. ಇಡೀ ಜನ್ಮಕ್ಕೆ ಪ್ರತಿಜ್ಞೆ ಮಾಡಲು ಅಂಜುವವನು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಮಾಡಬಲ್ಲನು.

ಆದರೆ ಧರ್ಮಕ್ಕೆ ತಿರುಗಿದವನಿಗೆ ಲಕ್ಷ್ಮಿ ಒಲಿದಳೆಂಬ ಕಥೆ ಇದಲ್ಲ. ಸಂವತ್ 1667ರಲ್ಲಿ ತಂದೆಯವರು ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಕೊಟ್ಟು ವ್ಯಾಪಾರಕ್ಕೆಂದು ಆಗ್ರಾ ನಗರಕ್ಕೆ ಕಳುಹಿದರು. ಕೆಲವು ರತ್ನಗಳು ಬಿದ್ದುಹೋದುವು, ಕೆಲವನ್ನು ಇಲಿಗಳು ಎಳೆದೊಯ್ದುವು, ಉಳಿದುದು ಹೊಟ್ಟೆಗೆ ಕರಗಿತು. ಕಚೋರಿ ಮಾರುವವನೊಬ್ಬನು ತಿಂಗಳುಗಟ್ಟಲೆ ಸಾಲ ಕೊಟ್ಟು ಅನ್ನದಾತನಾದನು. ತಮ್ಮಲ್ಲಿ ಕಾಸಿಲ್ಲವೆಂದು ಬನಾರಸೀದಾಸರು ಒಪ್ಪಿಕೊಂಡರೂ ಅವನು ಸಾಲ ನಿಲ್ಲಿಸಲಿಲ್ಲ. ಬರಿಗೈಯಲ್ಲಿ ಮಾವನ ಮನೆಗೆ ಹೋದಾಗ ಪತ್ನಿಯು ತಾನು ಬಚ್ಚಿಟ್ಟಿದ್ದ 20 ರೂಪಾಯಿಗಳನ್ನು ಗಂಡನ ಮುಂದಿಟ್ಟಳು. ಅತ್ತೆಯಿಂದ 200 ರೂಪಾಯಿ ದೊರೆಯಿತು. ಮುಂದೆ ಲಾಭನಷ್ಟಗಳು ಬಂದುಹೋದುವು. ಒಂಬತ್ತು ಮಕ್ಕಳು ಹುಟ್ಟಿದರು, ಏಳು ಗಂಡು, ಎರಡು ಹೆಣ್ಣು, ಒಂದೂ ಉಳಿಯಲಿಲ್ಲ. ಇಬ್ಬರು ಪತ್ನಿಯರು ತೀರಿಕೊಂಡು ಮೂರನೆಯ ವಿವಾಹವಾಯಿತು.

ಸಂವತ್ 1680ರಲ್ಲಿ (ಕ್ರಿ.ಶ. 1623) ಅರಥಮಲ್ಲರೆಂಬ ಅಧ್ಯಾತ್ಮಪ್ರೇಮಿಗಳು ಸಮಯಸಾರಕ್ಕೆ ಪಾಂಡೆ ರಾಜಮಲ್ಲರು ದೇಶಭಾಷೆಯಲ್ಲಿ ಬರೆದ ಟೀಕೆಯನ್ನು ಅವರ ಕೈಗಿತ್ತರು. ಇದು ಭಾಗ್ಯವೂ ಹೌದು, ಗಂಡಾಂತರವೂ ಹೌದು. ಶುದ್ಧಾತ್ಮನಿಗೆ ಕ್ರಿಯೆಯಿಲ್ಲವೆಂದು ಓದಿದವರು ಕ್ರಿಯೆಯನ್ನೇ ಬಿಟ್ಟರು. ಆತ್ಮದ ರುಚಿ ಇನ್ನೂ ಹತ್ತಿರಲಿಲ್ಲ, ಆಚಾರದ ಆಧಾರ ತಪ್ಪಿತ್ತು. ಜಪ, ಸಾಮಾಯಿಕ, ಪ್ರತಿಕ್ರಮಣಗಳು ನಿಂತುವು; ದೇವರಿಗೆ ಅರ್ಪಿಸಿದ ನೈವೇದ್ಯವನ್ನು ತಿನ್ನುವವರೆಗೂ ಮಾತು ಹೋಯಿತು. ಚಂದ್ರಭಾನ, ಉದಯಕರಣ, ಥಾನಮಲ್ಲರೆಂಬ ಮೂವರು ಗೆಳೆಯರೊಡನೆ ಕೋಣೆಯೊಳಗೆ ಬಟ್ಟೆ ಕಳಚಿ ತಿರುಗಾಡುತ್ತ, ತಾವೇ ಮುನಿಗಳಾದೆವೆಂದು ಹಾಸ್ಯವಾಡಿದರು. ನಿಶ್ಚಯನಯವನ್ನು ಕಿವಿಯಲ್ಲಿ ಕೇಳಿ ವ್ಯವಹಾರವನ್ನು ಒದೆಯುವವರ ಅವಸ್ಥೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಂಡಿತನೂ ವರ್ಣಿಸಲಾರನು. ಇದನ್ನು ಬರೆದಿಟ್ಟವರು ಬನಾರಸೀದಾಸರೇ.

ಹನ್ನೆರಡು ವರ್ಷ ಹೀಗೆಯೇ ಕಳೆದುವು. ಸಂವತ್ 1692ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು, ತಿಹುನಾ ಸಾಹು ಕಟ್ಟಿಸಿದ ಜಿನಾಲಯದಲ್ಲಿ ತಂಗಿ, ಗೊಮ್ಮಟಸಾರದ ಪ್ರವಚನ ನಡೆಸಿದರು. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕನ್ನಡನಾಡಿನ ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ಗ್ರಂಥವು, ಆರು ಶತಮಾನಗಳ ಮೇಲೆ ಯಮುನಾತೀರದ ವ್ಯಾಪಾರಿಯೊಬ್ಬನ ಕೈಹಿಡಿದು ನಡೆಸಿತು. ಯಾವ ಗುಣಸ್ಥಾನದಲ್ಲಿರುವ ಜೀವಕ್ಕೆ ಯಾವ ಆಚರಣೆ ತಕ್ಕುದೆಂಬ ಕ್ರಮವನ್ನು ರೂಪಚಂದರು ಬಿಡಿಸಿ ತೋರಿಸಿದರು. ವರ್ಷದ ಕೊನೆಯ ಲಾಭವೇ ಮುಖ್ಯವೆಂದು ಅರಿತ ವರ್ತಕನು ರೋಜುಕೀರ್ದಿಯನ್ನು ಹರಿದೊಗೆಯುವುದಿಲ್ಲವಷ್ಟೆ? ಶ್ರಾವಕನ ನಿತ್ಯಾವಶ್ಯಕಗಳೂ ಹಾಗೆಯೇ. ಬನಾರಸೀದಾಸರ ಚಂಚಲತೆ ಅಡಗಿತು. ಸ್ಯಾದ್ವಾದದ ಒಳನೋಟವು ದೊರೆತು ಶ್ರದ್ಧೆ ದೃಢವಾಯಿತು. ಮರುವರ್ಷ, 1636ರಲ್ಲಿ, ಸಮಯಸಾರ ನಾಟಕವು ಪೂರ್ಣವಾಯಿತು.

ಸಂವತ್ 1698ರಲ್ಲಿ (ಕ್ರಿ.ಶ. 1641), ಐವತ್ತೈದನೆಯ ವಯಸ್ಸಿನಲ್ಲಿ, ಮನುಷ್ಯನ ಆಯುಷ್ಯವನ್ನು ನೂರಹತ್ತು ವರ್ಷವೆಂದು ಎಣಿಸಿ, ಅರ್ಧ ಮುಗಿದ ಬಾಳಿನ ಕಥೆಯನ್ನು ‘ಅರ್ಧಕಥಾನಕ’ವೆಂದು ಕರೆದರು. ಅದರ ಕೊನೆಯಲ್ಲಿ ತಮ್ಮ ಗುಣದೋಷಗಳ ಪಟ್ಟಿಯಿದೆ. ಕಾವ್ಯಶಕ್ತಿ, ಕ್ಷಮೆ, ಸಂತೋಷ, ಭಾಷಾಜ್ಞಾನಗಳನ್ನು ಸಂಕೋಚವಿಲ್ಲದೆ ಜಮೆಯ ಕಡೆ ಬರೆದರು. ಖರ್ಚಿನ ಕಡೆಯೂ ಅಷ್ಟೇ ನಿಸ್ಸಂಕೋಚ: ಕ್ರೋಧ, ಮಾನ, ಮಾಯೆಗಳು ಅಲ್ಪವಾದರೂ ಧನದ ಮೋಹ ಹೆಚ್ಚು, ಚಿಕ್ಕ ಲಾಭಕ್ಕೆ ಹಿಗ್ಗು, ಚಿಕ್ಕ ನಷ್ಟಕ್ಕೆ ಕುಗ್ಗು, ಮನೆ ಬಿಟ್ಟು ಹೊರಡಲು ಮನಸ್ಸಿಲ್ಲ, ಆಡಬಾರದ ಮಾತನ್ನು ಆಡುವ ಚಾಳಿ, ಏಕಾಂತದಲ್ಲಿ ಕುಣಿಯುವ ಹುಚ್ಚು. ಜಪ, ತಪ, ಸಂಯಮಗಳಲ್ಲಿಯೂ ದಾನ, ಪೂಜೆಗಳಲ್ಲಿಯೂ ತಮಗೆ ಸಾಲದೆಂಬುದನ್ನು ಅವರು ಮುಚ್ಚಿಡಲಿಲ್ಲ. ನಾಟಕ ಸಮಯಸಾರದಂತಹ ಗ್ರಂಥವನ್ನು ಬರೆದು ಐದು ವರ್ಷವಾದ ಮೇಲೆ ಬರೆದ ಸಾಲುಗಳಿವು. ಪ್ರತಿಕ್ರಮಣದ ಪಾಠವನ್ನು ನಿತ್ಯವೂ ಒಪ್ಪಿಸುವವರಲ್ಲಿ, ತಮ್ಮ ತಪ್ಪನ್ನು ಹೆಸರು ಹಿಡಿದು ಹೀಗೆ ಎಣಿಸಿದವರು ಎಷ್ಟು ಮಂದಿ?

ಉಳಿದರ್ಧವನ್ನು ಬರೆಯುವ ಅವಕಾಶ ಅವರಿಗೆ ಒದಗಲಿಲ್ಲ. ಎರಡು-ಮೂರು ವರ್ಷಗಳಲ್ಲಿಯೇ ಆಯುಷ್ಯ ಮುಗಿಯಿತು. ಆಗ್ರಾದ ಜಗಜೀವನರು ಸಂವತ್ 1701ರಲ್ಲಿ ಅವರ ಬಿಡಿ ರಚನೆಗಳನ್ನೆಲ್ಲ ಕೂಡಿಸಿ ‘ಬನಾರಸೀವಿಲಾಸ’ವೆಂಬ ಹೆಸರಿನಲ್ಲಿ ಸಂಗ್ರಹಿಸಿದರು.